ಅಟ್ಟದ ಮೇಲಿನ ಸ್ಟೇರಿಂಗ್

ಸುದ್ದಿ ಬಂದಾಗ ಗುಲಾಬಸಾಬ ಸೂಜಿಗೆ ದಾರ ಪೋಣಿಸುತ್ತಿದ್ದ. ಬೆಳಗಿನ ಒಂಬತ್ತೂವರೆ. ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಅರ್ಧ ಮೊಳ ಒಳಗೆ ಬಂದಿತ್ತು. ಆ ಬಿಸಿಲಿಗೆ ಸೂಜಿಯ ಕಣ್ಣು ಹಿಡಿದು, ಮೇಣ ಸವರಿದ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಎರಡು ಸಲ ತಪ್ಪಿ ಮೂರನೆಯ ಸಲ ತೂರಿಸುವಷ್ಟರಲ್ಲಿ ಎದುರಿನ ಟಾಯರ್ ಅಂಗಡಿಯ ಅಬ್ದುಲಗನಿ ಬಂದು ಮೆಟ್ಟಿಲ ಮೇಲೆ ನಿಂತ. ಯಾವಾಗಲೂ ರಸ್ತೆಯ ಆಚೆಯಿಂದಲೇ ಕೂಗುತ್ತ ಬರುವ ಮನುಷ್ಯ ಇವತ್ತು ಸದ್ದಿಲ್ಲದೆ ಬಂದದ್ದು ಗುಲಾಬಸಾಬನ ಲಕ್ಷ್ಯಕ್ಕೆ ಬರಲಿಲ್ಲ.

"ಕಾಕಾ, ಪರಮೇಶ ಹೋದನಂತ."

"ಎಲ್ಲಿಗೆ?" ಎಂದ ಗುಲಾಬಸಾಬ, ದಾರ ಎಳೆಯುತ್ತ.

ಅಬ್ದುಲಗನಿ ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಪಕ್ಕ ಕೂತ. ಅವನು ಹಾಗೆ ಕೂತದ್ದರಿಂದಲೇ ಗುಲಾಬಸಾಬನಿಗೆ ತಿಳಿಯಿತು. ಆಮೇಲೆ ಎಷ್ಟೋ ದಿನ ತನ್ನದೇ ಬಾಯಿಂದ ಬಂದ ಆ ಒಂದು ಮಾತು ಅವನಿಗೆ ಊಟದ ನಡುವೆ, ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವಾಗ ನಳದ ನೀರಿನ ಸದ್ದಿನಲ್ಲಿ ಕೇಳಿಸುತ್ತಿತ್ತು. ಸಾವಿನ ಸುದ್ದಿ ತಂದವನನ್ನು, ಬಸ್ಸು ಹತ್ತಿ ಹೋದವನ ಬಗ್ಗೆ ಕೇಳಿದ ಹಾಗೆ, ಎಲ್ಲಿಗೆ ಎಂದು ಕೇಳಿದೆ.

"ಅದ ಭಾಂಡೆ ಅಂಗಡಿ ಪರಮೇಶ, ದುರ್ಗದಬೈಲಿನಾಂವ. ನಿಮ್ಮ ನೀಲಿ ಗಾಡಿ ಪರಮೇಶ," ಎಂದ ಅಬ್ದುಲಗನಿ. "ಹೊತ್ತ ಹೊಂಡೂ ಮುಂದ, ಹೆಬ್ಬಳ್ಳಿ ಹಾದ್ಯಾಗ. ಮಂಜ ಬಿದ್ದಿತ್ತಂತ. ಮೇವು ಹೇರಿದ್ದ ಟ್ರ್ಯಾಕ್ಟರ್ ನಿಂತಿತ್ತು, ಕಂಡಿಲ್ಲ."

"ಬೆಲ್ಟ್ ಹಾಕ್ಕೊಂಡಿದ್ದಿಲ್ಲೇನು?"

"ಹಾಕ್ಕೊಂಡಿದ್ದನಂತ. ಹೊರಗ ಒಂದ ಗಾಯಿಲ್ಲ ಅಂತಾರ್ರಿ. ಸ್ಟೇರಿಂಗ್ ಎದಿಗೆ ಬಡದೈತಂತ."

ಗುಲಾಬಸಾಬ ತಲೆ ಎತ್ತಿ ಅಟ್ಟದ ಕಡೆ ನೋಡಲಿಲ್ಲ. ನೋಡಬಾರದೆಂದು ತಡೆದುಕೊಂಡದ್ದು ಮಾತ್ರ ಕುತ್ತಿಗೆಗೆ ಗೊತ್ತಾಯಿತು. ಕೈಯಲ್ಲಿದ್ದ ಸೂಜಿಯನ್ನು ಎಲ್ಲಿಯೋ ಇಟ್ಟ. ಅಬ್ದುಲಗನಿ ಹೋದ ಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಚರ್ಮದ ತುಂಡುಗಳನ್ನು ಒಂದೊಂದಾಗಿ ಕೊಡವಿದ, ಚಾಪೆ ಎತ್ತಿದ, ಮಂಡಿಯೂರಿ ಹೊಲಿಗೆ ಯಂತ್ರದ ಅಡಿ ಕೈಯಾಡಿಸಿದ. ಸಂಜೆ ಮನೆಗೆ ಹೋದಾಗ ಹೆಂಡತಿ ಹಾಜರಾಬಿ ಅವನ ಅಂಗಿಯ ಎದೆಯ ಮೇಲೆ ದಾರದ ಸಮೇತ ಚುಚ್ಚಿಕೊಂಡಿದ್ದ ಸೂಜಿಯನ್ನು ಬಿಡಿಸಿ ಕಿಟಕಿಯಲ್ಲಿ ಇಟ್ಟಳು.

ಅಟ್ಟದ ಮೇಲೆ, ಹಳೆಯ ರೆಗ್ಜಿನ್ ಸುರುಳಿಗಳ ಹಿಂದೆ, ಬಿಳಿ ಪಂಚೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಗಂಟಿನೊಳಗೆ ಎರಡು ಸಾಮಾನು. ಒಂದು, ಆ ನೀಲಿ ಗಾಡಿ ಕಂಪನಿಯಿಂದ ಬರುವಾಗ ಅದಕ್ಕಿದ್ದ ಸ್ಟೇರಿಂಗ್. ಇನ್ನೊಂದು, ಅದರ ನಡುವಿನ ಮುಚ್ಚಳ, ಒಂದು ತೆಂಗಿನಕಾಯಿಯಷ್ಟು ಭಾರ. ಮುಚ್ಚಳದ ಒಳಗೆ ಮಡಚಿ ಮಡಚಿ ತುಂಬಿದ ಚೀಲ. ಗಾಡಿ ಡಿಕ್ಕಿ ಹೊಡೆದರೆ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ಎದೆಗೂ ಸ್ಟೇರಿಂಗಿಗೂ ನಡುವೆ ನಿಲ್ಲಬೇಕಾದ ಚೀಲ. ಅದು ಅಲ್ಲಿ, ಅಟ್ಟದ ಮೇಲೆ, ಧೂಳು ಹತ್ತದ ಹಾಗೆ, ಇಲಿ ಕಡಿಯದ ಹಾಗೆ ಆರು ತಿಂಗಳಿಂದ ಸುರಕ್ಷಿತವಾಗಿತ್ತು. ಅಷ್ಟು ಜೋಪಾನವಾಗಿ ಇಟ್ಟವನು ತಾನೇ.

ಪರಮೇಶನ ಬಲಗೈಯಲ್ಲಿ ಮೂರೇ ಬೆರಳು. ಹೆಬ್ಬಳ್ಳಿಯಲ್ಲಿ ಸಣ್ಣವನಿದ್ದಾಗ ದನಗಳ ಮೇವು ಕತ್ತರಿಸುವ ಯಂತ್ರದಲ್ಲಿ ಕಿರುಬೆರಳೂ ಉಂಗುರ ಬೆರಳೂ ಹೋಗಿದ್ದವು. ನಲವತ್ತರ ಹತ್ತಿರ ಬಂದ ಮೇಲೆ, ದುರ್ಗದಬೈಲಿನ ಪಾತ್ರೆ ಅಂಗಡಿ ಕೈಗೆ ಹತ್ತಿದ ಮೇಲೆ, ಮದುವೆಗೆ ಕೂಡಿಟ್ಟದ್ದರಲ್ಲಿ ಪುಣೆಯಿಂದ ಹಳೆಯ ಗಾಡಿ ತಂದ. ನೆಲಕ್ಕೆ ಹತ್ತಿದಂತಿರುವ, ಎರಡೇ ಸೀಟಿನ, ಬಿಟ್ಟರೆ ಬಾಣದ ಹಾಗೆ ಹೋಗುವ ಗಾಡಿ. ಹೆಣ್ಣು ನೋಡಲು ಹೋದರೆ ಜನ ಮೊದಲು ಕೈ ನೋಡುತ್ತಾರೆ ಕಾಕಾ, ಈ ಗಾಡಿ ಹಾಗೆ ನೋಡುವುದಿಲ್ಲ ಎಂದು ನಗುತ್ತಿದ್ದ. ಆದರೆ ಗಾಡಿಯೂ ನೋಡಿತು. ಕಂಪನಿಯ ಸ್ಟೇರಿಂಗ್ ದಪ್ಪಗಿತ್ತು. ತಿರುವಿನಲ್ಲಿ ಮೂರು ಬೆರಳಿನ ಹಿಡಿತದಿಂದ ಜಾರುತ್ತಿತ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ ಹೊಸ ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಸಣ್ಣ, ತೆಳ್ಳಗಿನ, ಚರ್ಮ ಹಾಕದ ಬೋಳು ಸ್ಟೇರಿಂಗ್, ನಡುವೆ ಸುತ್ತಲೂ ಆರು ತೂತು, ಕನ್ನಡಿಯಂತೆ ಹೊಳೆಯುವ ಮೂರು ಕಡ್ಡಿ. ಅದನ್ನು ಕೈಗೆ ತಗೊಂಡಾಗ ಗುಲಾಬಸಾಬನಿಗೆ ತನ್ನ ವಯಸ್ಸು ಮರೆತುಹೋಯಿತು. ಅವನ ಅಪ್ಪ ಟಾಂಗಾ ಕುದುರೆಗಳಿಗೆ ಲಗಾಮು ಹೊಲಿಯುತ್ತಿದ್ದ. ಗುಲಾಬಸಾಬ ಐವತ್ತು ವರ್ಷ ಜೀಪಿನ ಸೀಟು, ಆಟೋದ ಹುಡ್ಡು, ಲಾರಿಯ ಡ್ರೈವರುಗಳ ಸ್ಟೇರಿಂಗಿಗೆ ಹಸಿರು ಕೆಂಪು ರೆಗ್ಜಿನ್ ಸುತ್ತಿ ಬದುಕಿದ್ದ. ಇಂಥ ವಸ್ತು ಅವನ ಅಂಗಡಿಗೆ ಯಾರೂ ತಂದಿರಲಿಲ್ಲ.

"ತಮ್ಮಾ, ಕಂಪನೀದು ತಗದರ ಒಳಗಿನ ಚೀಲಾನೂ ಹೋಗತೈತಿ. ಹೊಸಾದ್ರಾಗ ಚೀಲ ಇರೂದಿಲ್ಲ," ಎಂದು ಹೇಳಿದ್ದ. ಹೇಳಿದ್ದು ಖರೆ. ಒಂದು ಸಲ.

"ಚೀಲದ ಮ್ಯಾಲ ಭರೋಸಾ ಇಡಾಂವಾದ್ರ ಗಾಡಿ ಯಾಕ ತರ್ತಿದ್ದೆ ಕಾಕಾ, ಹತ್ತಿ ಗಾದಿ ತರ್ತಿದ್ದೆ."

ಗುಲಾಬಸಾಬ ನಕ್ಕಿದ್ದ. ಈಗ ಅವನಿಗೆ ಬೇರೆಲ್ಲಕ್ಕಿಂತ ಹೆಚ್ಚಾಗಿ ಆ ನಗು ನೆನಪಾಗುತ್ತದೆ. ಹಲ್ಲಿಲ್ಲದ ಬದಿಯಿಂದ ಗಾಳಿ ಹೋಗುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗುವಾಗಲೇ ಅವನ ಕೈ ಬ್ಯಾಟರಿಯ ತಂತಿ ಬಿಚ್ಚಲು ಪಾನಾ ಹುಡುಕುತ್ತಿತ್ತು. ಇನ್ನೊಂದು ಮಾತಿತ್ತು, ಅದನ್ನು ಅವನು ಹೇಳಲೇ ಇಲ್ಲ. ಹಳೆಯದನ್ನೇ ಇಟ್ಟು, ಅದರ ಚರ್ಮ ಬಿಚ್ಚಿ, ಮೂರು ಬೆರಳಿಗೆ ಒಪ್ಪುವ ಹಾಗೆ ತೆಳ್ಳಗೆ ಹೊಲಿದು ಕೊಡಬಹುದಿತ್ತು. ಚೀಲ ಇದ್ದಲ್ಲೇ ಇರುತ್ತಿತ್ತು. ಎರಡು ದಿನದ ಕೆಲಸ. ಅದು ಅವನಿಗೆ ಆ ಕ್ಷಣವೇ ಹೊಳೆದಿತ್ತು. ಆದರೆ ಮಡಿಲಲ್ಲಿ ಹೊಸ ಸ್ಟೇರಿಂಗ್ ಇತ್ತು, ಅದನ್ನು ಕೆಳಗಿಡುವ ಮನಸ್ಸಾಗಲಿಲ್ಲ. ಪರಮೇಶನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, ಅಂಗೈಯ ಅಗಲವನ್ನು ದಾರದಿಂದ ಅಳೆದ. ಬೆರಳಿಲ್ಲದ ಜಾಗದಲ್ಲಿ ಚರ್ಮ ನುಣ್ಣಗೆ, ಕೂಸಿನ ಕೆನ್ನೆಯ ಹಾಗಿತ್ತು. ಅಲ್ಲಿಗೆ ಆನಿಸಲು ಸ್ಟೇರಿಂಗಿನ ಮೇಲೆ ಸಣ್ಣ ದಿಬ್ಬ ಮಾಡಿ, ಮೇಕೆಯ ಮೆತ್ತನೆಯ ಚರ್ಮ ಎಳೆದು, ಹೊಲಿಗೆ ಕಾಣದ ಹಾಗೆ ಹೊಲಿದ. ಅಂಥ ಕೆಲಸವನ್ನು ಅವನು ಅದಕ್ಕೂ ಮೊದಲು ಮಾಡಿರಲಿಲ್ಲ. ಪರಮೇಶ ಅದನ್ನು ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ. ಆಮೇಲೆ, "ಕಾಕಾ, ಐದೂ ಬೆರಳ ಇದ್ದಂಗ ಅನಸತೈತಿ," ಎಂದ. ಅವತ್ತು ನಮಾಜಿನಲ್ಲಿ ಗುಲಾಬಸಾಬ ತನ್ನ ಕೈಗಳಿಗಾಗಿ ಅಲ್ಲಾಹನಿಗೆ ಕೃತಜ್ಞತೆಯ ಶುಕ್ರು ಹೇಳಿದ್ದ. ಅದೇ ದಿಬ್ಬ, ಅದೇ ಹೊಲಿಗೆ, ಈಗ ಹೆಬ್ಬಳ್ಳಿ ಹಾದಿಯಲ್ಲಿ ಅವನ ಎದೆಗೆ... ಇಲ್ಲ, ಅದನ್ನು ಹಾಗೆ ಯೋಚಿಸಬಾರದು. ಹಾಗೆ ಯೋಚಿಸದೆ ಹೇಗೆ ಯೋಚಿಸುವುದು ಎಂದೂ ತಿಳಿಯಲಿಲ್ಲ.

ಮೂರನೆಯ ದಿನ ವಿದ್ಯಾನಗರದ ಪರಮೇಶನ ಮನೆಗೆ ಹೋದ. ಒಗೆದ ಅಂಗಿ, ತೊಳೆದ ಟೋಪಿ. ಬಾಗಿಲ ಮುಂದೆ ನಲವತ್ತು ಐವತ್ತು ಜೋಡು ಚಪ್ಪಲಿ. ಮಾತು ಎಲ್ಲಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ: ಅಕ್ಕಾರ, ನಿಮ್ಮ ಮಗನ ಗಾಡಿಯಿಂದ ನಾ ಒಂದು ವಸ್ತು ತಗದೆ. ಚಪ್ಪಲಿಗಳ ಹತ್ತಿರ ನಿಂತಿದ್ದ ಯಾರೋ ಸಂಬಂಧಿಕ, ಬಿಳಿ ಅಂಗಿಯವನು, "ಯಾರ ಬೇಕಾಗಿತ್ರಿ?" ಎಂದ. "ಗಾಡಿ ಕೆಲಸದಾಂವ್ರಿ," ಎಂದುಬಿಟ್ಟ ಗುಲಾಬಸಾಬ. ತನ್ನ ಹೆಸರು ಯಾಕೆ ಹೇಳಲಿಲ್ಲವೋ. "ಗಾಡಿ ವಿಚಾರ ಇಲ್ಲಿ ಬ್ಯಾಡ್ರಿ ಈಗ. ಎಳಕೊಂಡ ಹೋಗೂದ ಏನಿದ್ರೂ ಈ ನಂಬರಿಗೆ ಮಾತಾಡ್ರಿ," ಎಂದು ಆ ಮನುಷ್ಯ ಚೀಟಿಯ ಮೇಲೆ ಬರೆದು ಕೈಗಿಟ್ಟ. ಒಳಗಿನಿಂದ ಹೆಂಗಸರ ಅಳು ಒಮ್ಮೆ ಎದ್ದು ಒಮ್ಮೆ ಇಳಿಯುತ್ತಿತ್ತು. ಅದರಲ್ಲಿ ಪರಮೇಶನ ತಾಯಿ ಮಾಳವ್ವನ ದನಿ ಯಾವುದೆಂದು ಗುರುತಾಗಲಿಲ್ಲ. ಒಡೆದ ಗಾಡಿಗೆ ಬಂದ ಹದ್ದಿನ ಹಾಗೆ ಕಂಡೆನೇನೋ ಎಂದುಕೊಳ್ಳುತ್ತ, "ಛಲೋರಿ," ಎಂದು ಚೀಟಿಯನ್ನು ಎರಡೂ ಕೈಯಿಂದ ತಗೊಂಡು ಹಿಂದಿರುಗಿದ. ಬಸ್‌ಸ್ಟಾಪಿನಲ್ಲಿ ನಿಂತಾಗ ಎದೆ ಹಗುರಾದದ್ದು ಅವನಿಗೆ ತಿಳಿಯಿತು. ಹೇಳುವುದು ತಪ್ಪಿತಲ್ಲ ಎಂಬ ಹಗುರ. ಅದರಷ್ಟು ನಾಚಿಕೆ ಅವನಿಗೆ ಆ ಚೀಟಿಯಿಂದಲೂ ಆಗಿರಲಿಲ್ಲ.

"ಎದ್ಯಾಗ ಇಟಗೊಂಡ ಎಷ್ಟ ದಿನ ಇರ್ತೀರಿ? ಹೇಳಿ ಬರ್ರಿ," ಎಂದಳು ಹಾಜರಾಬಿ.

"ಹೇಳಿದ್ರ ಅಕಿ ಒಂದ ಕೇಳತಾಳ. ಅದಕ್ಕ ನನ್ನ ಕಡೆ ಉತ್ತರಿಲ್ಲ."

ಅದೇನೆಂದು ಅವಳಿಗೆ ಅವನು ಹೇಳಲಿಲ್ಲ. ಹೊಸ ಸ್ಟೇರಿಂಗ್ ಹಾಕಿದ ನಾಲ್ಕನೆಯ ದಿನಕ್ಕೆ ಪರಮೇಶ ತಿರುಗಿ ಬಂದಿದ್ದ. ಪಕ್ಕದ ಸೀಟಿನಲ್ಲಿ ತಾಯಿ ಮಾಳವ್ವ. ಮಡಿಲಲ್ಲಿ ಹೂವಿನ ಬುಟ್ಟಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಂಡಿ ಎದೆಗೆ ಹತ್ತುವಷ್ಟು ತಗ್ಗಿನ ಸೀಟು. ಎರಡನೆಯ ಸೀಟಿಗೆ ಹೆಂಡತಿಯನ್ನು ತರುತ್ತಾನೆ ಅಂದುಕೊಂಡರೆ ನನ್ನನ್ನೇ ತುರುಕಿದ್ದಾನೆ ನೋಡ್ರಿ ಎಂದು ಆಕೆ ಬಯ್ಯುತ್ತ ನಗುತ್ತಿದ್ದಳು. ಎದುರಿನ ಗಾಜಿನ ಕೆಳಗೆ, ಅಂಕಿಗಳ ನಡುವೆ, ಸಣ್ಣ ಕೆಂಪು ದೀಪ ಹತ್ತಿ ಉಳಿದಿತ್ತು. ಚೀಲ ಇಲ್ಲ, ಚೀಲ ಇಲ್ಲ ಎಂದು ಗಾಡಿ ಹೇಳುವ ರೀತಿ ಅದು.

"ನಮ್ಮವ್ವ ಇದು ಇದ್ರ ಕೂಡಂಗಿಲ್ಲ ಅಂತಾಳ ಕಾಕಾ."

"ಒಂದ ಸಮನ ನನ್ನ ಕಡೇನ ನೋಡತೈತ್ರಿ ಅದು," ಎಂದಳು ಮಾಳವ್ವ. "ಹರದಾರಿ ದೂರ ಹೋಗೂ ಗಾಡಿ, ಎದುರಿಗೆ ಕೆಂಪ ಕಣ್ಣ. ನನ್ನ ಎದಿ ಹೊಡಕೋತೈತಿ. ಆರಸಿ ಬಿಡ್ರಿ ಪುಣ್ಯಾ ಬರತೈತಿ."

ಗುಲಾಬಸಾಬ ಆರಿಸಿದ್ದ. ಜೋಳದ ಕಾಳಿನಷ್ಟು ಸಣ್ಣ ರೆಸಿಸ್ಟರ್ ತುಂಡೊಂದು, ಎರಡು ತಂತಿಯ ಬಾಲದ್ದು. ಅದನ್ನು ಚೀಲಕ್ಕೆ ಹೋಗುತ್ತಿದ್ದ ಹಳದಿ ವಾಯರಿನ ತುದಿಗೆ ಸೇರಿಸಿದರೆ ಚೀಲ ಇದೆ ಎಂದೇ ಗಾಡಿ ನಂಬುತ್ತದೆ. ಗಾಡಿಗೆ ಹೇಳುವ ಸುಳ್ಳು ಅಷ್ಟೇ ಎಂದು ಪರಮೇಶನ ಕಿವಿಯಲ್ಲಿ ಹೇಳಿ ಇಬ್ಬರೂ ನಕ್ಕರು. ದೀಪ ಆರಿತು. ಮಾಳವ್ವ ಕೈ ಜೋಡಿಸಿ, ಬುಟ್ಟಿಯಿಂದ ಎರಡು ಮಲ್ಲಿಗೆ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟು ಹೋದಳು.

ಹತ್ತನೆಯ ದಿನ, ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಜಿಗೆ ಇನ್ನೂ ಒಂದು ತಾಸಿತ್ತು. ಅಂಗಡಿಯ ಮುಂದೆ ಆಟೋ ನಿಂತಿತು. ಮಾಳವ್ವ ಒಬ್ಬಳೇ ಇಳಿದಳು. ಹತ್ತು ದಿನದಲ್ಲಿ ಆಕೆ ಗಿಡ್ಡಾಗಿದ್ದಳು. ಗುಲಾಬಸಾಬ ಎದ್ದು ತನ್ನ ಮಣೆಯನ್ನೇ ತೋಳಿನಿಂದ ಒರೆಸಿ ಮುಂದಿಟ್ಟ. ಆಕೆ ಕೂತಳು. ಎದುರಿನ ಅಂಗಡಿಯಲ್ಲಿ ಅಬ್ದುಲಗನಿ ಟಾಯರಿಗೆ ಗಾಳಿ ಹಾಕುವುದನ್ನು ನಿಲ್ಲಿಸಿದ.

"ಮಣ್ಣ ಕೊಡೂ ಮುಂದ ಅವನ್ನ ಎಡಗೈಯಾಗ ಲಿಂಗ ಇಟ್ಟು ಕೂಡಿಸಿದ್ರು ಗುಲಾಬಸಾಬ್ರ," ಎಂದಳು ಆಕೆ, ತನಗೇ ಹೇಳಿಕೊಳ್ಳುವ ಹಾಗೆ. "ಬಲಗೈ ಖಾಲಿ ಇತ್ತು. ಆ ಮೂರೂ ಬೆರಳ ಏನೋ ಹಿಡಕೊಂಡಂಗ ಬಾಗಿದ್ವು. ನಾ ನೆಟ್ಟಗ ಮಾಡಿದೆ, ಮತ್ತ ಬಾಗಿದ್ವು. ನಾಳೆ ಹನ್ನೊಂದನೇ ದಿನ. ಅವನ ಪ್ರೀತಿ ಸಾಮಾನ ಫೋಟೋದ ಮುಂದಿಟ್ಟು ದೀಪ ಹಚ್ಚಬೇಕು. ಹೊಸ ಸ್ಟೇರಿಂಗ್ ಪೊಲೀಸರ ಕಡೆ ಗಾಡ್ಯಾಗ ಐತಿ. ನನಗ ಅದು ಬ್ಯಾಡ. ಹಳೇದು ನಿಮ್ಮ ಕಡೆ ಐತಿ ಅಂತಿದ್ದ. ಅದನ್ನ ಕೊಡ್ರಿ."

ಗುಲಾಬಸಾಬ ಏಣಿ ಹತ್ತಿದ. ಅಟ್ಟದ ಕತ್ತಲಲ್ಲಿ ಗಂಟು ಬಿಚ್ಚಿ, ಮುಚ್ಚಳವನ್ನು ಪಂಚೆಯಲ್ಲಿಯೇ ಬಿಟ್ಟು, ಸ್ಟೇರಿಂಗನ್ನಷ್ಟೇ ತೋಳಿಗೆ ಹಾಕಿಕೊಂಡು ಇಳಿದ. ಇಷ್ಟಕ್ಕೇ ಮುಗಿಯಲಿ ಎಂದು ಅವನು ಬೇಡಿಕೊಂಡದ್ದು ಅಲ್ಲಾಹನಿಗಷ್ಟೇ ಕೇಳಿಸಿರಬೇಕು. ಮಾಳವ್ವ ಅದನ್ನು ಮಡಿಲಲ್ಲಿಟ್ಟು ಬಲಬದಿಯಲ್ಲಿ ಚರ್ಮ ಸವೆದು ಬೆಳ್ಳಗಾದ ಜಾಗವನ್ನು ಹುಡುಕಿ, ಅಲ್ಲಿ ಬೆರಳಾಡಿಸಿದಳು. ಆಮೇಲೆ ಕೈ ನಡುವಿಗೆ ಬಂತು. ಅಲ್ಲಿ ಏನೂ ಇರಲಿಲ್ಲ. ಆಚೆಗಿನ ಸೀರೆ ಕಾಣುವಂಥ ತೂತು.

"ಇದರ ನಡುವ ಮುಚ್ಚಳಿತ್ತಲ್ರಿ. ಗಾಡಿ ಪೂಜಾ ಮಾಡಿದಾಗ ನಾನ ಅದಕ್ಕ ವಿಭೂತಿ ಹಚ್ಚಿದ್ದೆ."

ಅದು ಗುಲಾಬಸಾಬನಿಗೆ ಗೊತ್ತಿತ್ತು. ಮೂರು ಬೆರಳಿನ ವಿಭೂತಿ ಒಣಗಿ, ಮುಚ್ಚಳದ ಅಕ್ಷರಗಳ ಸಂದಿನಲ್ಲಿ ಇನ್ನೂ ಉಳಿದಿತ್ತು. ಬಿಚ್ಚಿದ ದಿನ ಒರೆಸಲು ಬಟ್ಟೆ ತಗೊಂಡಿದ್ದವನು, ಇನ್ನೊಬ್ಬರ ದೇವರ ಗುರುತು ತನ್ನ ಕೈಯಿಂದ ಅಳಿಯುವುದು ಬೇಡವೆಂದು ಹಾಗೆಯೇ ಸುತ್ತಿಟ್ಟಿದ್ದ. ಕಳೆದುಹೋಯಿತು ಎನ್ನಬಹುದಿತ್ತು. ಕೊಟ್ಟು ಸುಮ್ಮನಿರಬಹುದಿತ್ತೇ? ಇಲ್ಲ. ನಾಳೆ ಅದರ ಸುತ್ತ ದೀಪ ಹಚ್ಚುತ್ತಾರೆ. ಬೆಂಕಿ ತಾಗಿದರೆ ಸಿಡಿಯುವ ಮದ್ದು ಅದರೊಳಗೆ ಇದೆ. ಅವನು ಮತ್ತೆ ಏಣಿ ಹತ್ತಿ ಅದನ್ನು ಪಂಚೆಯ ಸಮೇತ ಎತ್ತಿಕೊಂಡು ಬಂದ. ನೆಲದ ಮೇಲೆ, ಅವಳ ಕಾಲಿನಿಂದ ಎರಡು ಮೊಳ ದೂರ ಇಟ್ಟು ಬಿಚ್ಚಿದ.

"ಅಕ್ಕಾರ, ಇದನ್ನ ಒಯ್ಯಾಕ ಬರೂದಿಲ್ರಿ. ದೀಪದ ಹತ್ರ ಇಡೂ ವಸ್ತು ಅಲ್ಲ ಇದು." ಪಂಚೆಯ ಅಂಚು ಸರಿಸಿ ತೋರಿಸಿದ. "ಇದರಾಗ ಒಂದ ಚೀಲ ಐತಿ. ಗಾಡಿ ಎಲ್ಲಿರ ಬಡಿದ್ರ ಗಾಳಿ ತುಂಬಿ ಉಬ್ಬತೈತಿ. ಎದಿಗೆ ಪೆಟ್ಟ ಆಗದಂಗ ತಡೀತೈತಿ. ಹೊಸಾದು ಹಾಕೂ ಮುಂದ ನಾ ಇದನ್ನ ತಗದೆ."

ಮಾಳವ್ವ ಮುಚ್ಚಳವನ್ನೇ ನೋಡುತ್ತಿದ್ದಳು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಧೂಳಿಗೆ ಆಕೆ ಕಣ್ಣೂ ಮುಚ್ಚಲಿಲ್ಲ.

"ಇದು ಇದ್ದಿದ್ರ ಉಳೀತಿದ್ದನೇನ್ರಿ?"

"ಉಳೀತಿದ್ದ ಅನ್ನಾಕೂ ಬರೂದಿಲ್ಲ. ಉಳೀತಿದ್ದಿಲ್ಲ ಅನ್ನಾಕೂ ಬರೂದಿಲ್ಲ."

"ಅವಂಗ ಗೊತ್ತಿತ್ತ?"

"ಗೊತ್ತಿತ್ರಿ. ನಾ ಒಂದ ಸಲ ಹೇಳಿದ್ದೆ. ಎರಡನೇ ಸಲ ಹೇಳಲಿಲ್ಲ. ಹಳೇದನ್ನ ಇಟ್ಟು ಅದಕ್ಕ ಚರ್ಮಾ ಹೊಲದ ಕೊಟ್ರೂ ಅವನ ಕೈಗೆ ಹೊಂದತಿತ್ತು. ಅದನ್ನಂತೂ ಹೇಳಲೇ ಇಲ್ಲ. ನನಗ ಹೊಸಾದರ ಮ್ಯಾಲ ಕೆಲಸಾ ಮಾಡಬೇಕಾಗಿತ್ತು ಅಕ್ಕಾರ. ಅಷ್ಟರ ಸಲುವಾಗಿ."

ಹೇಳಿದ ಮೇಲೆ ತಲೆ ತಗ್ಗಿಸಿದ. ಬೈಗುಳ ಬರುತ್ತದೆ, ಬರಲಿ, ಎದುರಿನವರೂ ಕೇಳಲಿ ಎಂದು ಕಾದ. ಬರಲಿಲ್ಲ. ಅದಕ್ಕೆ ಬದಲು ಮಾಳವ್ವನ ಉಸಿರು ಮಾತ್ರ ಕೇಳಿಸುತ್ತಿತ್ತು, ಮೆಟ್ಟಿಲು ಹತ್ತುವವರ ಉಸಿರಿನ ಹಾಗೆ, ಒಂದೊಂದಾಗಿ. ಆಕೆ ಯಾವ ಮೆಟ್ಟಿಲು ಹತ್ತುತ್ತಿದ್ದಾಳೆಂಬುದು ಅವನಿಗೆ ಗೊತ್ತಿತ್ತು. ಇನ್ನು ಎರಡು, ಇನ್ನು ಒಂದು.

"ಗುಲಾಬಸಾಬ್ರ," ಎಂದಳು ಸಣ್ಣ ದನಿಯಲ್ಲಿ. "ಆ ಕೆಂಪ ದೀಪ. ನಾ ಆರಸರಿ ಅಂದಿದ್ದೆ. ಅದು ಇದರ ಸಲುವಾಗಿ ಹತ್ತಿತ್ತೇನು?"

ಏಳು ವರ್ಷದವನಿದ್ದಾಗ ಅಪ್ಪನಿಗೆ ಸುಳ್ಳು ಹೇಳಿದ್ದಕ್ಕೆ ಬಿದ್ದ ಲಗಾಮಿನ ಪೆಟ್ಟು ಅವನ ಬೆನ್ನಿಗೆ ಇನ್ನೂ ನೆನಪಿತ್ತು. ಆಮೇಲೆ ಅರವತ್ತು ವರ್ಷ, ಚರ್ಮ ಅಸಲಿಯೋ ನಕಲಿಯೋ ಎಂದು ಕೇಳಿದ ಒಬ್ಬರಿಗೂ ಅವನು ಒಂದಿದ್ದದ್ದನ್ನು ಇನ್ನೊಂದು ಅಂದಿರಲಿಲ್ಲ. ರಂಜಾನಿನ ಉಪವಾಸದಷ್ಟೇ ಗಟ್ಟಿಯಾಗಿ ಅದನ್ನು ಹಿಡಿದಿದ್ದ. ಅವನು ತಲೆ ಎತ್ತಿ ಅವಳ ಕಣ್ಣನ್ನು ನೋಡಿದ. ಅಲ್ಲಿ ಆ ಕೆಂಪು ದೀಪ ಹತ್ತಿ ನಿಂತಿತ್ತು.

"ಇಲ್ರಿ ಅಕ್ಕಾರ," ಎಂದ. "ಅದು ಬ್ರೇಕಿನ ಎಣ್ಣೀದು. ಎಣ್ಣಿ ಕಡಿಮಿ ಆಗಿತ್ತು, ಹಾಕಿದೆ, ಆರಿತು. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಖರೇನ?"

"ಖರೇರಿ."

ಮಾಳವ್ವ ಅವನ ಮುಖ ನೋಡಿದಳು. ಆಮೇಲೆ ಅವಳ ಭುಜ ಇಳಿಯಿತು. ಹತ್ತು ದಿನದಲ್ಲಿ ಮೊದಲ ಸಲವೋ ಎನ್ನುವ ಹಾಗೆ, ಬಾಯಿಗೆ ಸೆರಗು ಇಟ್ಟುಕೊಳ್ಳದೆ, ಜೋರಾಗಿ ಅತ್ತಳು. "ಗುಲಾಬಕಾಕಾ ಎಂದೂ ಸುಳ್ಳ ಹೇಳಂಗಿಲ್ಲ ಬೇ ಅವ್ವಾ, ಅಂತಿದ್ದ ನನ್ನ ಮಗಾ," ಎಂದಳು ಅಳುವಿನ ನಡುವೆ.

ಹೋಗುವ ಮುಂಚೆ ಬಾಗಿ, ಸೆರಗಿನ ತುದಿಯಿಂದ ಮುಚ್ಚಳದ ಅಕ್ಷರಗಳ ಸಂದಿಯನ್ನು ಒರೆಸಿದಳು. ಸೆರಗಿಗೆ ಬಂದಷ್ಟು ಬೂದಿಯನ್ನು ಹಣೆಗೆ ಹಚ್ಚಿಕೊಂಡಳು. "ಇದನ್ನ ನೀವ ಇಟಗೋರಿ," ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ಎಂದು ಗುಲಾಬಸಾಬ ಕೇಳಿಕೊಳ್ಳಲಿಲ್ಲ. ನಡು ಖಾಲಿಯಾದ ಸ್ಟೇರಿಂಗನ್ನು ಎದೆಗೆ ಒತ್ತಿ ಹಿಡಿದು ಆಕೆ ಆಟೋ ಹತ್ತಿದಳು.

ಮಸೀದಿಯಲ್ಲಿ ಅವತ್ತು ಸಾಲಿನ ಕೊನೆಗೆ ನಿಂತ. ಎಲ್ಲರೂ ಎದ್ದು ಹೋದ ಮೇಲೂ ಕೂತಿದ್ದ. ಕಿಟಕಿಯ ಬಿಸಿಲು ಚಾಪೆಯ ಮೇಲೆ ಅವನ ಮಂಡಿಯವರೆಗೆ ಬಂದಿತ್ತು. ಬೇರೆ ದೇವರಿಗೆ ನಡೆದುಕೊಂಡವನ ಹೆಸರು ಹೇಳಿ ದುವಾ ಬೇಡಬಹುದೇ ಎಂದು ಮೌಲ್ವಿಯವರನ್ನು ಕೇಳಬಹುದಿತ್ತು, ಕೇಳಲಿಲ್ಲ. ಎರಡು ಕೈ ಎತ್ತಿದ. ಕಂಠಪಾಠದ ಮಾತು ಒಂದೂ ಬಾಯಿಗೆ ಬರಲಿಲ್ಲ. ಎತ್ತಿದ ಕೈಗಳಲ್ಲಿ ಸೂಜಿಯ ಹಳೆಯ ಗಾಯಗಳು ಕಂಡವು. ಹೇಳಿದ ಸುಳ್ಳಿಗೆ ಅವನು ಮಾಫಿ ಕೇಳಲಿಲ್ಲ. ಅದು ತನ್ನ ಹೆಗಲ ಮೇಲೆಯೇ ಇರಲಿ ಎಂದುಕೊಂಡ. ಪರಮೇಶನೊಡನೆ ಆಡುತ್ತಿದ್ದ ಮಾತಿನಲ್ಲಿಯೇ, ತುಟಿಯಷ್ಟೇ ಅಲ್ಲಾಡಿಸಿ ಬೇಡಿದ:

"ಮಾಲೀಕ, ಹೆಬ್ಬಳ್ಳಿ ಮಾಳವ್ವನ ಮಗ ಪರಮೇಶ ನಿನ್ನ ಕಡೆ ಬಂದಾನ. ಅವನ ಬಲಗೈಯಾಗ ಮೂರ ಬೆರಳ ಅದಾವ. ಹಿಡದದ್ದು ಜಾರತೈತಿ. ನೀನ ಅವನ ಕೈ ಹಿಡಿ. ಅವನ ಎದಿ ನೋವು ಇಳಸು. ಅವಂಗ ಶಾಂತಿ ಕೊಡು."